ಹೊಂಡದಲ್ಲಿ ತೊಳೆದ ಪಂಪು

ಗೊಬ್ಬರದಂಗಡಿ ಮುಂದೆ ಹಾಯುವಾಗ ಕೀಟನಾಶಕದ ಘಾಟು ಮೂಗಿಗೆ ಬಡಿದರೆ, ಕುಬಿಹಾಳದ ನಮ್ಮ ಹೊಲದ ಆ ಮಧ್ಯಾಹ್ನ ಇಂದಿಗೂ ಕಣ್ಣ ಮುಂದೆ ಬರುತ್ತದೆ.

ನನಗಾಗ ಹತ್ತು ವರ್ಷ. ಹತ್ತಿಗೆ ಕೀಟನಾಶಕದ ಎಣ್ಣೆ ಹೊಡೆದು ದಣಿದಿದ್ದ ಅಪ್ಪ ಊಟ ಮಾಡಿ ಬೇವಿನ ನೆರಳಿಗೆ ಮಲಗಿದ್ದ. ಅವನಿಗೆ ನೆರವಾಗಲೆಂದು ನಾನೇ ಎಣ್ಣೆ ಹೊಡೆಯುವ ಪಂಪನ್ನು ಎಳೆದೊಯ್ದು ಬದುವಿನಾಚೆಯ ಹೊಂಡದಲ್ಲಿ ತೊಳೆದೆ. ನೀರು ಹಾಲಿನಂತೆ ಬೆಳ್ಳಗಾಯಿತು. ಚೆಂದ ಕಂಡು ಮತ್ತೊಮ್ಮೆ ಮುಳುಗಿಸಿದೆ.

ಬಿಸಿಲು ಇಳಿಯುವ ಹೊತ್ತಿಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೆಸರಿನಲ್ಲಿ ಕಪ್ಪೆಗಳು ಕಾಲು ಚಾಚಿ ಬಿದ್ದಿದ್ದವು. ಎತ್ತುಗಳಿಗೆ ನೀರು ಕುಡಿಸಲು ಬಂದ ಅಪ್ಪ, ಬಾಜು ಹೊಲದ ಕಾಕಾನ ಮೇಲೆ ಹರಿಹಾಯ್ದ. ಕಾಕಾನೂ ಅಂದು ಎಣ್ಣೆ ಹೊಡೆದಿದ್ದ.

“ಪಂಪು ಇಲ್ಲೇ ತೊಳದಿಯೇನಲೇ? ದನಾ ಕುಡಿಯೂ ನೀರಲೇ ಇದು!”

“ದೇವರಾಣಿ ನಾ ತೊಳದಿಲ್ಲೋ ಅಣ್ಣಾ.”

ಅಷ್ಟರಲ್ಲಿ ಕಾಕಾನ ಕಣ್ಣು ನನ್ನ ಲಂಗದ ಬಿಳಿ ಕಲೆಗಳ ಮೇಲೆ ಬಿತ್ತು. ಅಪ್ಪನ ಕೈಯಲ್ಲಿ ಬಾರುಕೋಲಿತ್ತು. ನಾನು ಲಂಗ ಮುದುರಿಕೊಂಡು ಎತ್ತುಗಳ ಹಿಂದೆ ಸರಿದೆ.

“ಆತು ಬಿಡಣ್ಣಾ, ನಂದೇ ತಪ್ಪು,” ಎಂದ ಕಾಕಾ, ಬುಟ್ಟಿ ತಂದು ಒಬ್ಬನೇ ಸತ್ತ ಮೀನು ಬಳಿಯತೊಡಗಿದ.

ಆ ವರ್ಷ ಹೊಂಡದಲ್ಲಿ ಕಪ್ಪೆಗಳ ದನಿ ಕೇಳಲಿಲ್ಲ. ಸಂಜೆಯಾದರೆ ಸೊಳ್ಳೆಗಳು ಮುತ್ತುತ್ತಿದ್ದವು. ಅಪ್ಪ ಸಾಯುವವರೆಗೂ ಕಾಕಾನೊಡನೆ ಮಾತಾಡಲಿಲ್ಲ. ನಾನೂ ಅಪ್ಪನಿಗೆ ಹೇಳಲಿಲ್ಲ.