ತಿರುವಿನಲ್ಲಿ ಹನ್ನೊಂದು ನಿಮಿಷ

"ಈ ತಿರುವಲ್ಲಿ ದಿನಾ ಹನ್ನೊಂದು ನಿಮಿಷ ವ್ಯಾನು ನಿಂತಿರ್ತದಲ್ಲ, ಯಾಕಪ್ಪಾ?" ಭಾಗ್ಯಲಕ್ಷ್ಮಿ ಕಂಪ್ಯೂಟರಿನ ನಕ್ಷೆಯ ಮೇಲಿನ ಕೆಂಪು ಚುಕ್ಕೆ ತೋರಿಸಿ ಡ್ರೈವರ್ ಬೀರೇಶನನ್ನು ಕೇಳಿದಳು.

ಹೊಸೂರಿನ ಅಂಗಡಿಗಳ ಆರ್ಡರು, ತೋಟಗಳಿಂದ ಬರುವ ಸೊಪ್ಪು, ವ್ಯಾನಿನ ಓಡಾಟ ಎಲ್ಲವನ್ನೂ ಒಂದೇ ಸಾಫ್ಟ್‌ವೇರಿಗೆ ಜೋಡಿಸಿದ ಮೇಲೆ ಅವಳ ವ್ಯಾಪಾರ ಮೂರೇ ತಿಂಗಳಲ್ಲಿ ಎರಡರಷ್ಟಾಗಿತ್ತು. ಎಲ್ಲಿ ಏನು ತಡವಾದರೂ ಈಗ ಕಣ್ಣಿಗೆ ಬೀಳುತ್ತಿತ್ತು. ಡೆಂಕಣಿಕೋಟೆ ಕಾಡಂಚಿನ ಆ ತಿರುವನ್ನು ಅವಳು ಮರೆಯುವಂತಿರಲಿಲ್ಲ. ಹೋದ ವರ್ಷ ನಸುಕಿನಲ್ಲಿ, ಸೊಪ್ಪಿನ ಮೂಟೆಯೊಡನೆ ವ್ಯಾನಿಗೆ ಕಾಯುತ್ತಿದ್ದ ಅವಳ ಗಂಡ ಮುರಳಿಕೃಷ್ಣನನ್ನು ಆನೆ ತುಳಿದು ಕೊಂದದ್ದು ಅಲ್ಲೇ.

ಬೀರೇಶ್ ತಲೆ ಎತ್ತಲಿಲ್ಲ. "ಅವತ್ತು ನಾನು ಟೀ ಕುಡೀತಾ ಕುಂತ್ಬುಟ್ಟೆ ಅಕ್ಕಾ. ಹನ್ನೊಂದು ನಿಮಿಷ ಲೇಟು. ಯಾರ್ಗೂ ಯೋಳ್ಲಿಲ್ಲ. ಈಗ ದಿನಾ ಅಲ್ಲಿ ಬಾಗ್ಲು ತೆಗೆದು ಅಷ್ಟೊತ್ತು ಕಾಯ್ತೀನಿ. ಪಕ್ಕದ ಸೀಟು ಅಣ್ಣ ಕುಂತಂಗೆ ಕುಗ್ತದೆ. ಆಮ್ಯಾಕೆ ಹೊರಡ್ತೀನಿ."

ಭಾಗ್ಯಲಕ್ಷ್ಮಿ ಬೈಯಲೆಂದು ಬಾಯಿ ತೆರೆದಳು, ಕಣ್ಣು ಮತ್ತೆ ಆ ಕೆಂಪು ಚುಕ್ಕೆಯ ಮೇಲೆ ಬಿತ್ತು. ಆಮೇಲೆ ಮೆಲ್ಲಗೆ ಅಂದಳು:

"ನಾಳೆ ನಾನೂ ಬತ್ತೀನಿ ಬೀರೇಶ. ಆ ಸೀಟು ಹಂಗೇ ಬಿಟ್ಟಿರು. ನಾನು ಹಿಂದೆ ಮೂಟೆ ಮ್ಯಾಲೆ ಕುಂತ್ಕತೀನಿ."