ಸದ್ದಿಲ್ಲದ ಕಡಲತೀರ

"ಆಚೆ ದಡ ಎಲ್ಲೈತೆ?" ಎಂದು ಕೇಳಿದ ಪಿಳ್ಳಣ್ಣ.

ಹುಟ್ಟಿದ ಮೇಲೆ ಮೊದಲ ಸಲ ಕಡಲು ನೋಡಿದವನ ಬಾಯಿಂದ ಹೊರಟ ಮೊದಲ ಮಾತು ಅದು. ಕಾರಿನಿಂದಿಳಿದು, ಗಾಳಿಮರದ ಸಾಲು ದಾಟಿ, ಮರಳಿಗೆ ಕಾಲಿಟ್ಟವನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಿದ್ದ. ಪಕ್ಕದಲ್ಲಿ ಅವನ ಹೆಂಡತಿ ಪಾಪಕ್ಕ, ಕೆನ್ನೆಯ ಮೇಲೆ ಕೈ. ಅವಳು ಕಂಡ ಅತಿ ದೊಡ್ಡ ನೀರೆಂದರೆ ಕೋಡಿ ಬಿದ್ದ ನಾಗರಕೆರೆ.

"ಆಚೆ ದಡ ಇಲ್ಲಪ್ಪ. ಇದ್ರೂ ನಮಗೆ ಕಾಣಲ್ಲ," ಎಂದಳು ಮಗಳು ಅಕ್ಷತ.

"ಅಯ್ಯೋ ನಮ್ಮಪ್ಪನೇ! ಇಷ್ಟೊಂದು ನೀರು ಇಲ್ಲಿ ಸುಮ್ನೆ ಬಿದ್ದೈತಾ?" ಎಂದಳು ಪಾಪಕ್ಕ. ದೊಡ್ಡಬಳ್ಳಾಪುರದಲ್ಲಿ ನಲ್ಲಿಗೆ ಬಿಂದಿಗೆ ಸಾಲಿಟ್ಟು ಕಾದವಳಿಗೆ ಇನ್ನೇನು ತೋಚಬೇಕು?

ಅವರು ಬಂದದ್ದು ಕಡಲು ನೋಡಲಿಕ್ಕಲ್ಲ, ನಿದ್ದೆಗಾಗಿ. ಪಿಳ್ಳಣ್ಣನ ತೊಟ್ಟಿಲು ಕಟ್ಟಿದ್ದೇ ಮಗ್ಗದ ಮನೆಯಲ್ಲಿ. ಕೂಸಾಗಿ ಮಲಗಿದ್ದು, ಮದುವೆಯಾಗಿ ಮಲಗಿದ್ದು, ಜ್ವರ ಬಂದು ಮಲಗಿದ್ದು ಎಲ್ಲಾ ಪವರ್‌ಲೂಮಿನ ಆ ಖಟಖಟದ ಪಕ್ಕದಲ್ಲೇ. ಹೊಸಬರು ಬಂದರೆ ಕಿವಿ ಮುಚ್ಚಿಕೊಂಡು ಓಡುವಂಥ ಸದ್ದು. ಭುಜ ಮೇಲೇಳದಂತಾದಾಗ ಯುಗಾದಿಗೆ ಮಗ್ಗಗಳನ್ನು ಮಾರಿ, ಊರಾಚೆಯ ಬಡಾವಣೆಗೆ ಮನೆ ಬದಲಾಯಿಸಿದರು. ಮಗ್ಗದ ಜೊತೆ ನಿದ್ದೆಯೂ ಗುಜರಿಯವನ ಗಾಡಿ ಹತ್ತಿ ಹೋಯಿತು. ಮಾತ್ರೆ ನುಂಗಿದ್ದಾಯಿತು, ತಲೆಗೆ ಹರಳೆಣ್ಣೆ ಹಾಕಿದ್ದಾಯಿತು, ಮುನೇಶ್ವರನ ಗುಡಿಯ ತಾಯತವೂ ಆಯಿತು. ಕಣ್ಣು ಕೆಂಡದಂತಾದವೇ ಹೊರತು ಮುಚ್ಚಲಿಲ್ಲ. "ಹಿಂಗೇ ಆದ್ರೆ ನಂಗೆ ಹುಚ್ಚು ಹಿಡಿಯುತ್ತೆ ಕಣೇ," ಎಂದು ಅವನೇ ಒಮ್ಮೆ ಹೇಳಿದಾಗ ಪಾಪಕ್ಕನ ಜೀವ ಬಾಯಿಗೆ ಬಂದಿತ್ತು.

ಡಾಕ್ಟರು ಹೇಳಿದ್ದು ಒಂದೇ ಮಾತು: "ಸದ್ದಿಲ್ಲದ ಜಾಗಕ್ಕೆ ಕರ್ಕೊಂಡು ಹೋಗಿ." ಅಕ್ಷತ ಫೋನಿನಲ್ಲಿ ಹುಡುಕಿದಳು. ಗಣೇಶನ ಹಬ್ಬ ಮುಗಿದು ದಸರಾ ರಜೆ ಶುರುವಾಗುವ ಮುಂಚೆ ಕಡಲತೀರಗಳಲ್ಲಿ ನರಪಿಳ್ಳೆಯೂ ಇರುವುದಿಲ್ಲವಂತೆ. ಕುಂದಾಪುರದಾಚೆ ಹೆಸರು ಕೇಳದ ಈ ತೀರವನ್ನು ಹುಡುಕಿ ತೆಗೆದಳು. ನರಪಿಳ್ಳೆ ಇರಲಿಲ್ಲ, ನಿಜ. ಆದರೆ ಮಳೆಗಾಲದ ಸಿಟ್ಟು ಕಡಲಿಗೆ ಇನ್ನೂ ಇಳಿದಿರಲಿಲ್ಲ. ಒಂದೊಂದು ಅಲೆ ಮನೆಯೆತ್ತರ ಎದ್ದು, ಬಿದ್ದು, ಭೂಮಿಯನ್ನೇ ಗುದ್ದುತ್ತಿತ್ತು. ನೀರಿನ ಹತ್ತಿರ ಹೋದರೆ ಪಕ್ಕದವರ ಮಾತೂ ಕೂಗದೆ ಕೇಳಿಸದು.

"ತಪ್ಪಾಗೋಯ್ತಮ್ಮಾ!" ಅಕ್ಷತ ತಾಯಿಯ ಕಿವಿಗೆ ಬಾಯಿಟ್ಟು ಕೂಗಿದಳು. "ಜನ ಇಲ್ಲ ಅಂದ್ರೆ ಸದ್ದೂ ಇರಲ್ಲ ಅಂದ್ಕೊಂಡ್ಬಿಟ್ಟೆ. ಇಲ್ಲಿ ಇದ್ರೆ ಅಪ್ಪಂಗೆ ಇನ್ನೂ ಜಾಸ್ತಿಯಾಗುತ್ತೆ, ನಡಿ ಹೋಗೋಣ." ಅವಳ ಕಣ್ಣು ತುಂಬಿಕೊಂಡಿದ್ದವು. ಅಷ್ಟು ದೂರ ಗಾಡಿ ಓಡಿಸಿಕೊಂಡು ಬಂದದ್ದೆಲ್ಲ ದಂಡವಾಯಿತಲ್ಲ ಎಂದು ಅವಳಿಗೆ ತಡೆಯಲಾರದಷ್ಟು ಬೇಜಾರು.

ಪಿಳ್ಳಣ್ಣ ಅಷ್ಟರಲ್ಲಿ ದೂರ ನಡೆದುಬಿಟ್ಟಿದ್ದ. ಅಲ್ಲಿಂದಲೇ ತಿರುಗಿ, ಬರೀ ತುಟಿ ಆಡಿಸಿ ಏನೋ ಹೇಳಿದ. ಮಗ್ಗದ ಸದ್ದಿನಲ್ಲಿ ಜಗಳವನ್ನೂ ತುಟಿಯಲ್ಲೇ ಆಡಿ ಮುಗಿಸಿದ ಗಂಡ-ಹೆಂಡತಿ ಅವರು.

"ಏನಂತೆ?" ಅಕ್ಷತ ಕೇಳಿದಳು.

"ಅದೆಷ್ಟು ಹೊತ್ತಿಂದ ನೋಡ್ತಾವ್ನಂತೆ, ಈ ಮಗ್ಗದಲ್ಲಿ ಒಂದು ಎಳೆನೂ ಕಿತ್ತೋಗಲಿಲ್ವಂತೆ," ಎಂದಳು ಪಾಪಕ್ಕ. ಗಂಡನ ಮುಖದಲ್ಲಿ ಅಂಥ ಬೆರಗನ್ನು ಅವಳು ಕಂಡು ಎಷ್ಟು ಕಾಲವಾಗಿತ್ತೋ.

ಅವನು ಮರಳಿನ ಮೇಲೆ ಕೂತ. ಆಮೇಲೆ ಟವೆಲ್ ಮಡಿಸಿ ತಲೆಗಿಟ್ಟುಕೊಂಡ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹತ್ತಿರ ಬರುವಷ್ಟರಲ್ಲಿ ಬಾಯಿ ತೆರೆದು ಅಲ್ಲಾಡದೆ ಬಿದ್ದುಕೊಂಡಿದ್ದ. ಪಾಪಕ್ಕ ಉಳಿದೆರಡು ಹೆಜ್ಜೆ ಓಡಿದಳು. ಮಂಡಿಯೂರಿ ಅವನ ಎದೆಯ ಮೇಲೆ ಅಂಗೈ ಇಟ್ಟಳು. ಗೊರಕೆ ಕಿವಿಗೆ ಕೇಳದಿದ್ದರೂ ಅಂಗೈಗೆ ತಿಳಿಯಿತು.

"ನಿದ್ದೆ ಕಣಮ್ಮಿ," ಎಂದಳು. "ನಿನ್ನಾಣೆಗೂ ನಿದ್ದೆ!" ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಳುವಿನ ನಡುವೆ ನಗುವೂ ಬಂತು. ಆಕಾಶ ಮುಟ್ಟುವ ತನಕ ಹರಡಿದ್ದ ಆ ನೀರನ್ನು ನೋಡಿದಳು. ಇಂಥ ದೊಡ್ಡದೊಂದು ತನ್ನ ಗಂಡನ ಹತ್ತಿರ ಕೂತು ತಟ್ಟಿ ಮಲಗಿಸುತ್ತಿದೆಯಲ್ಲ ಎಂದು ಅವಳ ಮೈ ಜುಮ್ಮೆಂದಿತು.

ಬಿಸಿಲು ಇಳಿಯಿತು. ಅಲೆಗಳು ದಡದತ್ತ ಸರಿಯುತ್ತಾ ಸರಿಯುತ್ತಾ ಮೇಲೇರಿದವು. ಒಂದು ಅಲೆ ನೊರೆ ಕಾರುತ್ತಾ ಬಂದು ಪಿಳ್ಳಣ್ಣನ ಹಿಮ್ಮಡಿಗೆ ಗೇಣು ದೂರದಲ್ಲಿ ನಿಂತು ಹಿಂದಕ್ಕೆ ಹೋಯಿತು.

"ಅಮ್ಮಾ, ನೀರು ಬಂತು. ಎಬ್ಬಿಸಮ್ಮಾ!"

"ಮುಟ್ಟಬೇಡ!" ಪಾಪಕ್ಕ ಗದರಿದ ರಭಸಕ್ಕೆ ಅಕ್ಷತ ಬೆಚ್ಚಿದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಪಾಪಕ್ಕ ಗಂಡನ ಕಾಲಿನಿಂದ ನಾಲ್ಕು ಹೆಜ್ಜೆ ಮುಂದೆ, ಕಡಲಿಗೆ ಮುಖ ಮಾಡಿ ನಿಂತಳು. ಮುಂದಿನ ಅಲೆ ಬಂದು ಮೊಣಕಾಲಿಗೆ ಬಡಿಯಿತು. ಅವಳು ಕದಲಲಿಲ್ಲ. ಎರಡೂ ಕೈ ಜೋಡಿಸಿದಳು.

"ಅಲ್ಲೇ ಇರವ್ವಾ ತಾಯಿ, ಇನ್ನೊಂದು ಗಳಿಗೆ," ಎಂದಳು. "ಆದ್ರೆ ಸುಮ್ನಾಗ್ಬಿಡಬೇಡ ಕಣವ್ವಾ, ಎದ್ದುಬಿಡ್ತಾನೆ."