ಜಾರದ ಕ್ಲಚ್

ಬಸಿದ ಎಣ್ಣೆಯನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದ ಕಲ್ಮೇಶ, ಬೈಕ್ ತಂದವನ ಮುಖ ನೋಡಿದ. ಎಣ್ಣೆಯೂ ಸರಿಯಿರಲಿಲ್ಲ, ಹುಡುಗನೂ ಸರಿಯಿರಲಿಲ್ಲ.

"ಕಾರಿನ ಎಣ್ಣಿ ಹಾಕೀದೇನ?"

"ದೋಸ್ತನ ಕಡೆ ಉಳಿದಿತ್ರಿ ಅಣ್ಣಾ. ಎಣ್ಣಿ ಎಲ್ಲಾ ಒಂದ ಅಂತ ಹಾಕಿದ್ನಿ. ಈಗ ರೇಸ್ ಕೊಟ್ರ ಇಂಜಿನ್ ಒದರತೈತಿ, ಗಾಡಿ ಮುಂದ ಹೋಗೂದಿಲ್ಲ. ಹೋದ ವಾರ ಇದರಿಂದ ಒಂದ ಕೆಲಸ ಕೆಟ್ಟೋತು. ಮಂದಿ ಕೈಯಾಗ ಸಿಗೂದೊಂದ ಬಾಕಿ ಇತ್ತು."

ನೇಸರಗಿ ಬಸ್ ನಿಲ್ದಾಣದ ಪಕ್ಕದ ಕಲ್ಮೇಶನ ಗ್ಯಾರೇಜಿಗೆ ಹತ್ತು ಗಂಟೆಗೇ ಬಂದಿದ್ದ ಈತ ಹೆಸರು ಲಕ್ಷ್ಮಣ ಎಂದಿದ್ದ. ಊರು ಹೇಳಿರಲಿಲ್ಲ. ಗಾಡಿ ಈಗಷ್ಟೇ ತೊಳೆದಂತಿತ್ತು. ನಂಬರ್ ಪ್ಲೇಟಿಗೆ ಮಾತ್ರ ಕೆಸರು ಮೆತ್ತಿತ್ತು. ರಸ್ತೆಯಲ್ಲಿ ಜೀಪಿನ ಸದ್ದಾದರೆ ಸಾಕು, ತಿರುಗಿ ನೋಡುತ್ತಿದ್ದ.

"ಕಾರಿನ ಕ್ಲಚ್ಚಿಗೆ ಎಣ್ಣಿ ಮುಟ್ಟೂದಿಲ್ಲ ತಮ್ಮಾ. ಬೈಕಿನ ಕ್ಲಚ್ ಎಣ್ಣ್ಯಾಗ ಮುಳುಗಿರತೈತಿ. ಕಾರಿನ ಎಣ್ಣಿ ಭಾಳ ನುಣುಪು, ಪ್ಲೇಟು ಒಂದನ್ನೊಂದು ಹಿಡಿಯೂದಿಲ್ಲ, ಜಾರತಾವು. ಡಬ್ಬಿ ಮ್ಯಾಲ ಎಂಎ-ಟು ಅಂತ ಬರದಿರಬೇಕು. ಅದು ಬೈಕಿನ ಎಣ್ಣಿ."

"ಯಾವುದರ ಹಾಕ್ರಿ. ನಿಂತಲ್ಲಿಂದ ಒಂದ ಏಟಿಗೆ ಹಾರಬೇಕು. ಹಿಂದ ಒಬ್ರು ಕುಂತಿರತಾರ."

ಕಲ್ಮೇಶನ ಕೈಯಲ್ಲಿದ್ದ ಪಾನಾ ನಿಂತಿತು. ದನಿ ತಗ್ಗಿಸಿ ಕೇಳಿದ. "ಹುಡುಗಿ ವಿಚಾರೇನ?"

ಲಕ್ಷ್ಮಣ ಅತ್ತಿತ್ತ ನೋಡಿದ. ಆಮೇಲೆ ನಕ್ಕ. "ತಾಳಿ ವಿಚಾರ ಅಂತ ತಿಳೀರಿ."

ಕಲ್ಮೇಶನ ಸಂಶಯವೆಲ್ಲ ಅಲ್ಲಿಗೇ ಕರಗಿತು. ಎಂಟು ವರ್ಷದ ಹಿಂದೆ ಅವನೂ ಹೀಗೇ ಹೆದರುತ್ತ ಗಾಡಿ ಹತ್ತಿದ್ದ. ಹಿಂದೆ ಸವದತ್ತಿಯ ಅನ್ನಪೂರ್ಣಾ ಕೂತಿದ್ದಳು. ಆಗ ಅವನಿಗೂ ಎಣ್ಣೆಯ ಫರಕು ಗೊತ್ತಿರಲಿಲ್ಲ. ಯಾರದೋ ಕಾರಿಗೆ ಹಾಕಿ ಉಳಿದದ್ದನ್ನು ಸುರಿದುಕೊಂಡಿದ್ದ. ಗುಡ್ಡದ ಏರಿನಲ್ಲಿ ಇಂಜಿನ್ ಕಿರುಚಿತು, ಗಾಡಿ ತೆವಳಿತು. ಅವಳ ಅಣ್ಣಂದಿರು ಓಡಿಯೇ ಬಂದು ಹಿಡಿದರು. ಕಲ್ಮೇಶನ ಎಡಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಅನ್ನಪೂರ್ಣಾಳನ್ನು ವಾರದೊಳಗೆ ರಾಮದುರ್ಗಕ್ಕೆ ಕೊಟ್ಟು ಕೈತೊಳೆದುಕೊಂಡರು.

ಆಮೇಲೆ ಮದುವೆಯಾಗಿ ಬಂದ ಸಪ್ನಾಗೆ ಈ ಕಥೆಯೆಲ್ಲ ಗೊತ್ತು. ಸಿಟ್ಟಾಗುವ ಬದಲು ಅವಳು ಗಂಡನನ್ನು ಕಾಡಿಸುತ್ತಿದ್ದಳು. "ಆ ಎಣ್ಣಿ ಡಬ್ಬಿಗೆ ದಿನಾ ಕೈ ಮುಗೀತೇನ್ರಿ. ಅದು ಖೊಟ್ಟಿ ಇದ್ದಿದ್ದಕ್ಕ ನನಗ ನೀವು ಸಿಕ್ಕೀರಿ."

ಲಕ್ಷ್ಮಣನ ಗಾಡಿಗಾಗಿ ಕಲ್ಮೇಶ ಉಳಿದವನ್ನೆಲ್ಲ ಬದಿಗೆ ಸರಿಸಿದ. ಸವೆದ ಪ್ಲೇಟು ಕಿತ್ತು, ಹೊಸವನ್ನು ಹೊಸ ಎಣ್ಣೆಯಲ್ಲಿ ನೆನೆಸಿ ಕೂಡಿಸಿದ. ಫಿಲ್ಟರ್ ಬದಲಿಸಿದ. ಆ ಇಂಜಿನ್ನಿಗೆ ಯಾವ ದಪ್ಪದ ಎಣ್ಣೆ ಒಗ್ಗುತ್ತದೆಯೋ ಅದನ್ನೇ ಹುಡುಕಿ, ಅಳೆದು ಸುರಿದ. ತಾನೇ ಒಂದು ಸುತ್ತು ಹೊಡೆದ. ಹೇರು ಹೊತ್ತ ಟ್ರ್ಯಾಕ್ಟರನ್ನು ಗಾಡಿ ಏರಿನಲ್ಲೇ ದಾಟಿತು. ಎಂಟು ವರ್ಷದ ಸಂಕಟ ಎದೆಯಿಂದ ಇಳಿದಂತಾಯಿತು.

"ಯಾವ ದಾರಿ ಹಿಡೀತೀರಿ?"

"ಅದನ್ನ ನಿಮ್ಮನ್ನ ಕೇಳಬೇಕಂದ್ನಿ. ಮಂದಿ ಕಡಿಮಿ ಇರಬೇಕು. ಕ್ಯಾಮೆರಾ ಇರಬಾರದು."

ದಿನಾ ಓಡಾಡುವ ದಾರಿಯನ್ನೇ ಕಲ್ಮೇಶ ಹೇಳಿಕೊಟ್ಟ. "ಬೈಲಹೊಂಗಲ ರಸ್ತೆದಾಗ ಒಂದ ಮೈಲ್ ಹೋಗಿ ಎಡಕ್ಕ ಹೊಲದ ದಾರಿಗೆ ಬೀಳ್ರಿ. ಅತ್ತಾಗ ಡಾಂಬರ ರಸ್ತಾ ಸಿಗತೈತಿ. ಸಂಜಿ ಐದಕ್ಕ ಒಬ್ಬ ಗಂಡಸ ಇರೂದಿಲ್ಲ. ಹೊಲದಾಗ ಕಸ ತಗದು ಮನಿಗೆ ಹೊಂಟ ಹೆಣ್ಣಮಕ್ಕಳಷ್ಟ."

"ಹೆಣ್ಣಮಕ್ಕಳಿಂದ ನಮಗೇನ್ ತ್ರಾಸ ಇಲ್ಲ ಬಿಡ್ರಿ."

ಕೂಲಿ ಕೊಡಲು ಬಂದರೆ ಕಲ್ಮೇಶ ಮುಟ್ಟಲಿಲ್ಲ. "ಅದು ಮದುವಿಗೆ ನನ್ನ ಆಯೇರಿ ಅಂತ ತಿಳಿ. ಆದ್ರ ಗಾಡಿ ನಡುವ ನಿಲ್ಲಸಬ್ಯಾಡ. ಯಾರ ಒದರಿದ್ರೂ ಹಿಂದ ನೋಡಬ್ಯಾಡ."

ಸಂಜೆ ಐದೂವರೆಯಾದರೂ ಕಲ್ಮೇಶನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ತಡೆಯಲಾರದೆ, ಗಾಡಿ ಬಿಡುವಾಗ ಹುಡುಗ ಕೊಟ್ಟಿದ್ದ ನಂಬರಿಗೆ ತಾನೇ ಫೋನ್ ಮಾಡಿದ. ಆ ಕಡೆ ಗಾಳಿಯ ಸದ್ದು.

"ಅಣ್ಣಾ, ಕೆಲಸ ಆತ್ರಿ! ನಿಮ್ಮ ಕ್ಲಚ್ ಒಂದೀಟೂ ಜಾರಲಿಲ್ಲ."

"ಅಕಿ ಹೆಂಗದಾಳ?"

"ಯಾರು?... ಹಾಂ, ಅತ್ಲು ಕರದ್ಲು ಸ್ವಲ್ಪ. ಈಗೇನಿಲ್ಲ."

"ತೌರಮನಿ ಬಿಡೂದಂದ್ರ ಸಣ್ಣ ಮಾತಲ್ಲಪಾ. ಚೊಲೊತ್ನಾಗಿ ನೋಡ್ಕೋ."

ಫೋನ್ ಕಟ್ಟಾಯಿತು. ಕಲ್ಮೇಶ ತೋಳಿನಿಂದ ಕಣ್ಣೊರೆಸಿಕೊಂಡ. ಗ್ಯಾರೇಜಿನ ಶಟರ್ ಎಳೆದು, ಎದುರಿನ ಅಂಗಡಿಯಲ್ಲಿ ಪೇಡೆ ಕಟ್ಟಿಸಿಕೊಂಡ. ಸಪ್ನಾಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ಅವಳು ಖಂಡಿತ ನಗುತ್ತಾಳೆ.

ಮನೆಗೆ ಹೋಗುವ ಹೊಲದ ದಾರಿಯ ಎರಡನೇ ತಿರುವಿನಲ್ಲಿ ಜನ ಸೇರಿದ್ದರು. ಯಾರೋ ತಮ್ಮ ಟಾವೆಲನ್ನು ಮುಖದ ಮೇಲೆ ಹಾಕಿದ್ದರು. ಬೆಳಿಗ್ಗೆ ಸೋಯಾ ಹೊಲಕ್ಕೆ ಉಟ್ಟು ಹೋದ ಹಸಿರು ಸೀರೆಯಿಂದ ಕಲ್ಮೇಶ ಹೆಂಡತಿಯನ್ನು ಗುರುತಿಸಿದ. ಟಾವೆಲ್ ಸರಿಸಲು ಹೋದವನ ಕೈಯನ್ನು, ಅವಳ ಜೊತೆಗೇ ಕೆಲಸ ಮುಗಿಸಿ ಬರುತ್ತಿದ್ದ ನೆರೆಮನೆಯ ಸಾವಿತ್ರೆವ್ವ ಗಟ್ಟಿಯಾಗಿ ಹಿಡಿದುಕೊಂಡಳು.

"ಇಬ್ರು ಗಾಡಿ ಮ್ಯಾಲ ಬಂದು ತಾಳಿಗೆ ಕೈ ಹಾಕಿದ್ರೋ ಯಪ್ಪಾ. ಅಕಿ ಬಿಡಲಿಲ್ಲ, ಅವರೂ ಬಿಡಲಿಲ್ಲ. ಆ ಗಾಡಿ ಅಕಿನ್ನ ಅಲ್ಲಿಂದ ಇಲ್ಲೀಮಟಾ ಎಳಕೊಂಡ ಬಂತು."